ಯಲ್ಲಾಪುರದ ಮೇಲಿಂದ ಹೋದ ಟೆಂಡರು

ಅಡಿಕೆ ಸೊಸೈಟಿಯ ಯಲ್ಲಾಪುರ ಶಾಖೆಯಲ್ಲಿ ಗಂಗಾ ಭಟ್ಟಳ ಕೆಲಸ ರಸೀದಿ ಟೈಪು ಮಾಡುವುದು. ಮಾಡುತ್ತಿದ್ದಳು ಪಾಪ, ಆದರೆ ಅವಳ ಜೀವ ಇದ್ದದ್ದು ಕಂಪ್ಯೂಟರಿನ ಕಪ್ಪು ಪರದೆಯಲ್ಲಿ. ಬಿಡುವಾದಾಗ ಅದರಲ್ಲಿ ಕಮಾಂಡು ಹೊಡೆದು ನೋಡದಿದ್ದರೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

೨೦೦೪ರ ಒಂದು ಟೆಂಡರ್ ದಿನ ಬೆಳಿಗ್ಗೆಯೇ ಸಿಡಿಲು ಹೊಡೆದು ಶಿರಸಿ ಮುಖ್ಯ ಕಚೇರಿಯ ಮೋಡೆಮ್ ಸುಟ್ಟುಹೋಯಿತು. ಸಿದ್ದಾಪುರ ಶಾಖೆಯಲ್ಲಿ ವ್ಯಾಪಾರಿಗಳು ಅಡಿಕೆಗೆ ಹಾಕಿದ ದರ ಆ ಮೋಡೆಮ್ಮಿನ ಮೂಲಕವೇ ಶಿರಸಿಗೆ ಮುಟ್ಟಬೇಕು. ಮಧ್ಯಾಹ್ನ ಒಂದರೊಳಗೆ ಮುಟ್ಟದಿದ್ದರೆ ಬೆಳೆಗಾರರು ಚೀಲ ವಾಪಸ್ ಹೊತ್ತುಕೊಂಡು ಹೋಗಬೇಕು.

ಯಲ್ಲಾಪುರದಿಂದ ಶಿರಸಿಗೆ ಮಾತ್ರ ಮೋಡೆಮ್ ಬೇಡದ ಬೇರೆಯೇ ಲೈನಿತ್ತು, ಅದು ನೆಟ್ಟಗಿತ್ತು. ಗಂಗಾ ಶಿರಸಿಯ ಮ್ಯಾನೇಜರ್ ದಿನಕರ ಹೆಗಡೆಯವರಿಗೆ ಫೋನ್ ಹಚ್ಚಿದಳು.

"ಸಿದ್ದಾಪುರದವು ಎನ್ನ ಮೋಡೆಮ್ಮಿಗೆ ಫೋನ್ ಮಾಡ್ಲಿ. ಬಂದಿದ್ದನ್ನ ಆನು ಹಂಗೇ ಶಿರಸಿಗೆ ದಾಟಿಸ್ತೆ. ಒಂದೇ ಸಾಲಿನ ಕಮಾಂಡು!"

"ಮಾಡು ಮಾರಾಯ್ತಿ. ಆದ್ರೆ ಕೆಟ್ಟತ್ತು ಅಂದ್ರೆ ನಾಳಿಂದ ರಸೀದಿ ಬಿಟ್ಟು ಬೇರೆ ಎಂತಕ್ಕೂ ಕೈ ಹಚ್ಚಡ."

ಈ ಬಾಗಿಲಿಗೆ ಬಂದದ್ದನ್ನೆಲ್ಲ ಶಿರಸಿಯ ಆ ಬಾಗಿಲಿಗೆ ದಾಟಿಸು: ಕಮಾಂಡಿನ ಅರ್ಥ ಇಷ್ಟೇ. ಹೊಡೆದಳು. ಸಿದ್ದಾಪುರ ಶಾಖೆಯ ಸುಜಯ ಗಂಗಾ ಹೇಳಿದಂತೆ ತನ್ನ ಕಂಪ್ಯೂಟರಿನಲ್ಲಿ ಶಿರಸಿಯ ನಂಬರು ಅಳಿಸಿ ಯಲ್ಲಾಪುರದ್ದು ಹಾಕಿದ. ಮೋಡೆಮ್ ಕಿರುಚಿತು, ದೀಪ ಮಿಣಮಿಣ ಎಂದಿತು. ಹೋಗುತ್ತಿದೆ! ಗಂಗಾ ಕುಣಿಯುವುದೊಂದು ಬಾಕಿ. ಖುಷಿಗೆ ಬಾಯಿ ಒಣಗಿ ನೀರು ಕುಡಿಯಲು ಒಳಗೆ ಹೋದಳು.

ತಿರುಗಿ ಬಂದರೆ ಕಂಪ್ಯೂಟರ್ ಆರಿದೆ! ಸ್ವಿಚ್ಚಿನ ಪಕ್ಕ ಪ್ಯೂನ್ ಮಡಿವಾಳಪ್ಪ. ಬನವಾಸಿ ಕಡೆಯ ಈ ಪುಣ್ಯಾತ್ಮನಿಗೆ ಜನವಿಲ್ಲದ ಕೋಣೆಯಲ್ಲಿ ಫ್ಯಾನು ತಿರುಗಿದರೂ ಸಂಕಟ.

"ಯಾರೂ ಇರ್ಲಿಲ್ರಿ ಅಕ್ಕಾರ, ಪರದಿ ಮ್ಯಾಲೂ ಏನೂ ಇರ್ಲಿಲ್ಲ. ಸುಮ್ನ ಕರೆಂಟ್ ದಂಡ ಅಂತ ಆರಿಸಿದೆ."

"ಅಯ್ಯೋ ಮಡಿವಾಳಪ್ಪಾ, ಸಿದ್ದಾಪುರದ ಇಡೀ ಟೆಂಡರು ಅದರೊಳಗಿಂದ ಹೋಗ್ತಾ ಇತ್ತು!"

ಬೈಯಲು ಹೊತ್ತೆಲ್ಲಿದೆ? ಕಂಪ್ಯೂಟರ್ ಮತ್ತೆ ಏಳುವಷ್ಟರಲ್ಲಿ ಗಂಗಾಳ ಜೀವ ಬಾಯಿಗೆ ಬಂತು. ಮತ್ತೆ ಕಮಾಂಡು, ಮತ್ತೆ ಸುಜಯನ ಕರೆ, ಮತ್ತೆ ಮೋಡೆಮ್ಮಿನ ಕಿರುಚಾಟ. ಈ ಸಲ ಮಡಿವಾಳಪ್ಪ ಕುರ್ಚಿ ಎಳೆದು ಸ್ವಿಚ್ಚಿಗೆ ಬೆನ್ನು ಕೊಟ್ಟು ಕೂತ. ಚಹಾ ಬಂದರೂ ಏಳಲಿಲ್ಲ.

ಒಂದು ಗಂಟೆ ಹತ್ತಿರವಾದಾಗ ಫೋನ್ ರಿಂಗಾಯಿತು. ಮೋಡೆಮ್ಮಿಗೂ ಮಾತಿಗೂ ಅದೊಂದೇ ಫೋನು. ರಿಂಗಾಯಿತೆಂದರೆ ಮೋಡೆಮ್ ಲೈನು ಬಿಟ್ಟಿದೆ. ಮುಗಿದು ಬಿಟ್ಟಿತೋ, ನಡುವೆಯೇ ಕಡಿಯಿತೋ?

"ಅಕ್ಕಾ, ದರ ಎಲ್ಲಾ ಶಿರಸಿಗೆ ಮುಟ್ಟಿದ್ದು!" ಸುಜಯ ಕೂಗುತ್ತಿದ್ದ. "ಒಂದು ಚೀಲನೂ ವಾಪಸ್ ಹೋಗ್ತಿಲ್ಲೆ!"

ಗಂಗಾ "ಹೋ!" ಎಂದದ್ದು ರಸ್ತೆಯವರೆಗೆ ಕೇಳಿತು. ರಿಸೀವರ್ ಇಟ್ಟಳೋ ಇಲ್ಲವೋ, ದಿನಕರ ಹೆಗಡೆಯವರ ಫೋನು.

"ತಂಗಿ, ಮುಂದಿನ ಟೆಂಡರೂ ನೀನೇ ನೋಡ್ಕ. ರಸೀದಿ ಬೇರೆಯವು ಟೈಪು ಮಾಡ್ತ."

ಗಂಗಾ ಹೂಂ ಎನ್ನಲು ಹೋದಳು. ಅಷ್ಟರಲ್ಲಿ ಅಳುವೇ ಬಂದುಬಿಟ್ಟಿತು.