ಚಿಪ್ಪಿನ ನೆತ್ತಿಗೆ ಶಹಾಬಾದ ಪರಸಿ

ಸಿದ್ರಾಮ ಮಾಸ್ತರರ ಕಂಪ್ಯೂಟರಿಗೆ ಪಕ್ಕದ ಮುಚ್ಚಳವೇ ಇರಲಿಲ್ಲ. ಮನೆಗೆ ಬಂದವರು ಮೊದಲು ಅದರ ಹೊಟ್ಟೆ ನೋಡಬೇಕು, ಆಮೇಲೆ ಚಹಾ. ವಾಡಿಯಲ್ಲಿ ನಮಗೆ ವಿಜ್ಞಾನ ಕಲಿಸಿ ನಿವೃತ್ತರಾದ ಮೇಲೆ ಅವರು ಕ್ಯಾಪ್ಚರ್ ಕಾರ್ಡಿನ ಹಿಂದೆ ಬಿದ್ದರು. ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿನೊಳಗೆ ಎಳೆದುಕೊಂಡು ನೇರ ಪ್ರಸಾರಕ್ಕೆ ಒದಗಿಸುವ ಕಾರ್ಡು ಅದು. ಜಗತ್ತಿನ ಕಂಪನಿಗಳೆಲ್ಲ ಕೈಲಾಗದೆ ಕೂತಿದ್ದರಿಂದ ಮಾಸ್ತರರೇ ಅದನ್ನು ರಚಿಸಬೇಕಾಯಿತು.

"ಬಜಾರನ್ಯಾಗ ಸಿಗೂದೆಲ್ಲಾ ಕಚರಾ," ಎನ್ನುತ್ತಿದ್ದರು. ತಾವು ಹೈದರಾಬಾದಿನಲ್ಲಿ ಮಾಡಿಸಿ ತಂದ ಕಾರ್ಡಿನ ಹಸಿರು ಹಲಗೆಯ ತಾಮ್ರದ ಗೆರೆಗಳನ್ನು ತೋರಿಸಿ, "ಈ ಎರಡೂ ಗೆರಿ ಜೋಡೆತ್ತ ಇದ್ದಂಗ ನೋಡವ್ವ. ಒಂದು ಹಿಂದ ಬಿತ್ತಂದ್ರ ಚಿತ್ರ ಹರದು ಹೋಗ್ತದ," ಎನ್ನುವರು. ಅದು ಸುಳ್ಳಲ್ಲ. ಆ ಗೆರೆಗಳ ಉದ್ದ ಸಮ ಮಾಡುವುದರಲ್ಲೇ ಅವರ ಒಂದು ಮಳೆಗಾಲ ಕಳೆದಿತ್ತು.

ತೊಂದರೆ ಇದ್ದದ್ದು ಕಾರ್ಡಿನ ನಡುವೆ ಕೂತ ಚಿಪ್ಪಿನ ಕಾವಿನದು. ಎಲ್ಲರಂತೆ ಫ್ಯಾನು ಹಾಕಿದರೆ ಮಾಸ್ತರರ ಮರ್ಯಾದೆ ಏನಾಗಬೇಕು?

"ವಾಡಿ ಸಿಮಿಟ್ ಧೂಳಿನ್ಯಾಗ ಫ್ಯಾನ್ ಬದಕ್ತದೇನು? ಬ್ಯಾಸಗ್ಯಾಗ ನೀ ಎಲ್ಲಿ ಮಕ್ಕೋತಿ? ಪರಸಿ ಮ್ಯಾಲ. ಚಿಪ್ಪಿಗೂ ಅದೇ ಆರಾಮ!"

ಹೀಗೆಂದು ನೆಲಕ್ಕೆ ಹಾಸುವ ಶಹಾಬಾದ ಪರಸಿಕಲ್ಲಿನ ತೆಳ್ಳನೆ ಬಿಲ್ಲೆಯೊಂದನ್ನು ಉಜ್ಜಿ ನಯ ಮಾಡಿ ಚಿಪ್ಪಿನ ನೆತ್ತಿಗೆ ಅಂಟಿಸಿಯೇಬಿಟ್ಟರು. ಕಾವು ಸಾಗಿಸಲು ಲೋಹ ಬೇಕು, ಕಲ್ಲಿನಿಂದ ಆಗದು ಎಂದು ನಮಗೆ ಬೆತ್ತ ಹಿಡಿದು ಕಲಿಸಿದವರೂ ಇವರೇ.

ನನ್ನ ಲಗ್ನದ ನೇರ ಪ್ರಸಾರವನ್ನು ಮಾಸ್ತರರು ಯಾರೂ ಕೇಳದೆಯೇ ವಹಿಸಿಕೊಂಡರು. ತಾಯಿಯಿಲ್ಲದ ನನ್ನನ್ನು ಸಾಕಿದ ಅಜ್ಜಿ, ನಮ್ಮ ಆಯಿ, ಟೊಂಕ ಮುರಿದುಕೊಂಡು ಚಿಂಚೋಳಿಯಲ್ಲಿ ಮಲಗಿದ್ದಳು. ನನ್ನ ಕೊರಳಿಗೆ ತಾಳಿ ಬೀಳುವುದನ್ನು ಅವಳು ನೋಡಬೇಕು, ನನಗೆ ಬೇಕಾಗಿದ್ದದ್ದು ಅದೊಂದೇ. ಲಗ್ನ ನಡೆಸುತ್ತಿದ್ದ ಅಯ್ಯನವರು ತಾಳಿ ಎತ್ತಿದ ಹೊತ್ತಿಗೆ ಸರಿಯಾಗಿ ಆಯಿಯ ಬಳಿಯಿದ್ದ ಚಿಕ್ಕಮ್ಮನ ಫೋನು ಬಂತು: "ಏನೂ ಕಾಣವಲ್ದು, ಎಲ್ಲಾ ಕರ್ರಗಾಗ್ಯಾದ!" ಮಾಸ್ತರರ ಪರಸಿ ಕಾದ ಹಂಚಾಗಿತ್ತು.

"ಆಯಿ ನೋಡೂತನ ತಾಳಿ ಬ್ಯಾಡ," ಎಂದು ನಾನು ಕುತ್ತಿಗೆ ಹಿಂದೆಳೆದೆ. ಮಂದಿಯಲ್ಲಿ ಗುಸುಗುಸು. ಅಯ್ಯನವರು ಗಡಿಯಾರ ನೋಡಿದರು.

"ಜರಾ ತಡೀರಿ," ಎಂದು ಮಾಸ್ತರರು ಕಂಪ್ಯೂಟರ್ ಆರಿಸಿ, ಬೆರಳು ಸುಟ್ಟುಕೊಂಡು ತಮ್ಮ ಕಾರ್ಡನ್ನು ಕಿತ್ತರು. ಆಮೇಲೆ ಚೀಲದ ತಳದಿಂದ ಟವೆಲಿನಲ್ಲಿ ಸುತ್ತಿಟ್ಟಿದ್ದ ಇನ್ನೊಂದು ಕಾರ್ಡು ಹೊರಬಂತು. ಬಜಾರಿನದು. ಅದಕ್ಕೆ ಫ್ಯಾನೂ ಇತ್ತು. ಯಾರ ಮುಖವನ್ನೂ ನೋಡದೆ ಅದನ್ನು ಕೂರಿಸಿದರು. ಕಚರಾ ಸುಮ್ಮನೆ ತನ್ನ ಕೆಲಸ ಮಾಡಿತು.

ಕೊರಳಿಗೆ ತಾಳಿ ಬಿತ್ತು. ಆಯಿ ಫೋನಿಗೆ ಮಾಸ್ತರರನ್ನೇ ಕರೆಸಿಕೊಂಡಳು. "ನಿಮ್ಮ ಕಾರ್ಡ್ ಭಾಳ ಛಂದ ಅದರಿ. ಮೊಮ್ಮಗಳು ಬಾಜೂಕೇ ಕುಂತಂಗ ಕಾಣಾಕತ್ತಾಳ!" ಹೊಗಳಿಸಿಕೊಳ್ಳಲೆಂದೇ ಹುಟ್ಟಿದ್ದ ಮನುಷ್ಯ ಸುಟ್ಟ ಬೆರಳಿಗೆ ಗಾಳಿ ಊದುತ್ತ ನೆಲ ನೋಡಿದರು. ಅವರ ಮೇಲೆ ಅಷ್ಟು ಪ್ರೀತಿ ನನಗೆ ಹಿಂದೆಂದೂ ಹುಟ್ಟಿರಲಿಲ್ಲ.

ಈ ಬೇಸಿಗೆಯಲ್ಲಿ ಮಾಸ್ತರರು ತೀರಿಕೊಂಡರು. ಸುದ್ದಿ ತಿಳಿಸಲು ಚಿಂಚೋಳಿಗೆ ಹೋದಾಗ ಆಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವರು ಆ ಕಾರ್ಡ್ ಮಾಡಿದ್ದಿಲ್ಲಂದ್ರ ನಿನ್ನ ಲಗ್ನಾ ನಾ ನೋಡ್ತಿದ್ದಿಲ್ಲವ್ವ."

"ಹೌದ ಆಯಿ," ಎಂದೆ, "ಅವರ ಕಾರ್ಡಿನ್ಯಾಗೇ ನೋಡಿದಿ."