ಸಂಗಮ್ಮನ ಗುಳಿಗೆ ಡಬ್ಬಿ

ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ನೂಲು ಬಿಸಾಡಿದವರನ್ನು ಯಾರೂ ಕಂಡಿಲ್ಲ. ಸೀರೆ ಮುಗಿದರೂ ಮಗ್ಗದ ಮೇಲೆ ಹಳೆಯ ಹಾಸಿನ ಉದ್ದೆಳೆಗಳ ತುದಿ ಉಳಿಸಿಕೊಂಡು, ಹೊಸ ಹಾಸಿನ ಒಂದೊಂದೇ ಎಳೆಯನ್ನು ಅದಕ್ಕೆ ಹೊಸೆಯುತ್ತಾರೆ. ಆ ಕೆಲಸದಲ್ಲಿ ಸಂಗಮ್ಮನದು ಎತ್ತಿದ ಕೈ. ಉಳಿದದ್ದನ್ನು ಮುಂದಿನದಕ್ಕೆ ಜೋಡಿಸುವ ಬುದ್ಧಿ ಅವಳಿಗೆ ಮಗ್ಗದಿಂದಲೇ ಬಂದದ್ದು; ಹಾಳಾದ ಆ ಬುದ್ಧಿ ಮಗ್ಗದಲ್ಲೇ ಇರಬಾರದಿತ್ತೇ!

ಜ್ವರಕ್ಕೆ ಡಾಕ್ಟರು ವಾರದ ಗುಳಿಗೆ ಬರೆದರೆ, ಮೈ ತಣ್ಣಗಾದೊಡನೆ ನಿಲ್ಲಿಸಿ ಉಳಿದದ್ದನ್ನು ಡಬ್ಬಿಗೆ ಹಾಕುವಳು. ಓಣಿಯಲ್ಲಿ ಯಾರ ಹೊಟ್ಟೆ ಕೆಟ್ಟರೂ ಆ ಡಬ್ಬಿ ತೆರೆಯುತ್ತಿತ್ತು. ‘ಸಂಗಕ್ಕನ ಕೈಗುಣ ಚಲೋ ಐತಿ’ ಎಂದು ಹೊಗಳಿ ಅಟ್ಟಕ್ಕೇರಿಸಿದ್ದರು.

ತೆಲಂಗಾಣ ಬೇರೆ ರಾಜ್ಯವಾದ ದಿನ ಬೀದಿ ತುಂಬ ಪಟಾಕಿ, ಗುಲಾಲು. ಸಂಗಮ್ಮನ ಒಬ್ಬಳೇ ಮಗಳು ಭಾಗ್ಯಜ್ಯೋತಿ ಕುಣಿದು ದಣಿದು, ಗಾಡಿಯವನ ಬಣ್ಣದ ಶರಬತ್ತು ಕುಡಿದು ಬಂದಳು. ಮರುದಿನ ಭೇದಿ. ಸಂಗಮ್ಮ ಡಬ್ಬಿ ತೆಗೆದಳು. ಭೇದಿ ನಿಲ್ಲಲಿಲ್ಲ, ಬೇರೆ ಬಣ್ಣದ ಗುಳಿಗೆ ಕೊಟ್ಟಳು. ರಕ್ತ ಬಿದ್ದಾಗ ಹುಡುಗಿಯನ್ನು ಹೊತ್ತು ಮಕ್ತಲ್ ದಾಟಿ ರಾಯಚೂರಿನ ದವಾಖಾನೆಗೆ ಓಡಿದಳು. ಹೊತ್ತು ಮೀರಿತ್ತು.

ಮಗಳ ಉಸಿರು ನಿಂತ ಮೇಲೆ ಸಂಗಮ್ಮ ತಾನು ಕೊಟ್ಟ ಗುಳಿಗೆಗಳದ್ದೆಲ್ಲ ಹೇಳಿ ಡಾಕ್ಟರಮ್ಮನ ಕೈ ಹಿಡಿದಳು. ‘ನಾ ಏನ್ ತಪ್ಪು ಮಾಡೀನ್ರಿ?’

ಡಾಕ್ಟರಮ್ಮ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ‘ಹೊಟ್ಟ್ಯಾಗ ಕಣ್ಣಿಗೆ ಕಾಣದ ಜೀವಾಣು ಕೋಟಿಗಟ್ಟಲೆ ಇರ್ತಾವಮ್ಮಾ. ಕೆಲವಕ್ಕ ವಿಷದ ಸೂಜಿ ಇರ್ತಾವ. ಒಳ್ಳೇವು ಹೊರಗಿಂದ ಬಂದ ಕೆಟ್ಟವನ್ನ ಚುಚ್ಚಿ ಕೊಂದು, ತಮ್ಮ ಜಾಗ ಕಾಯ್ತಾವ. ನಿನ್ನ ಗುಳಿಗಿಗೆ ಆ ಕಾವಲಿನವೇ ಸತ್ತವು. ಕೆಟ್ಟವು ಗುಳಿಗಿಗೆ ಜಗ್ಗಲಿಲ್ಲ. ತಡಿಯವರಿಲ್ಲದ ಮನ್ಯಾಗ ಬೆಳದು, ಕರುಳಿಗೇ ಸೂಜಿ ಚುಚ್ಚಿ ವಿಷ ಇಳಿಸಿದವು.’

ಊರಿಗೆ ಬಂದ ಸಂಗಮ್ಮ ಡಬ್ಬಿಯನ್ನು ಒಲೆಗೆ ಹಾಕಿದಳು. ಮಗ್ಗದ ಮುಂದೆ ಕೂತರೆ ಎಳೆ ಹೊಸೆಯಲು ಬೆರಳು ಏಳಲೊಲ್ಲದು. ಬದುಕಿರುವುದೇ ಬೇಡವೆನಿಸಿತ್ತು.

ಹೀಗಿರುವಾಗ ನೆರೆಮನೆಯ ಪೆಂಟಮ್ಮ ಬಾಗಿಲಿಗೆ ಬಂದಳು. ‘ಮಗೀಗೆ ಭೇದಿ ಹತ್ತೈತಿ ಸಂಗಕ್ಕಾ. ಎರಡು ಗುಳಿಗಿ ಕೊಡು.’

‘ಬ್ಯಾಡ ಪೆಂಟಮ್ಮಾ! ಉಪ್ಪು ಸಕ್ಕರಿ ನೀರು ಕುಡಿಸು, ದವಾಖಾನಿಗೆ ಹೋಗು. ಇದೇ ಕೈಲೆ ನನ್ನ ಮಗಳ್ನ ಕೊಂದೀನಿ.’

ಪೆಂಟಮ್ಮನ ಕಣ್ಣು ತುಂಬಿತು. ದುಃಖದಲ್ಲಿ ಏನೇನೋ ಮಾತಾಡುತ್ತಾಳೆ, ಪಾಪ, ಎಂದುಕೊಂಡಳು. ‘ಇರ್ಲಿ ಬಿಡಕ್ಕಾ, ನಿನಗ್ಯಾಕ ತ್ರಾಸು? ಹೋದ ತಿಂಗಳು ಹಿಂದಿನಮನಿ ಬುಗ್ಗಮ್ಮಗ ನೀನೇ ಕೊಟ್ಟಿದ್ದಿಯಲ್ಲ, ಅದರಾಗ ಇನ್ನಾ ಉಳದಾವಂತ’ ಎಂದು ಸೆರಗು ಸರಿಮಾಡಿಕೊಂಡು ಬುಗ್ಗಮ್ಮನ ಮನೆಯತ್ತ ನಡೆದಳು.