ಪರದೆಯ ಮೇಲೆ ಕಟ್ಟಿಕೊಂಡ ಪುಡಿ

ಪೀಣ್ಯದ ನಮ್ಮ ಮಾತ್ರೆ ಕಾರ್ಖಾನೆಯಲ್ಲಿ ಆಳೆತ್ತರದ ಒಂದು ಸ್ಟೀಲ್ ಪಾತ್ರೆ ಇದೆ. ಕೆಳಗಿನಿಂದ ಬಿಸಿಗಾಳಿ ನುಗ್ಗಿ ಔಷಧದ ಪುಡಿಯನ್ನು ಹಾರಿಸುತ್ತದೆ. ಮೇಲಿನಿಂದ ಅಂಟುನೀರು ಸ್ಪ್ರೇ ಆಗುತ್ತದೆ. ಪುಡಿ ಸಣ್ಣ ಸಣ್ಣ ಹರಳಾಗಿ ಕೂಡಿಕೊಳ್ಳುತ್ತದೆ. ನನ್ನ ಕೆಲಸ ಪುಡಿ ತೂಗಿ ಸುರಿಯುವುದು, ಅಷ್ಟೇ. ಆದರೆ ಒಳಗೆ ಒಂದೊಂದು ಹನಿಯೂ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುವ ಹುಚ್ಚು ಹಿಡಿಯಿತು. ವಿಡಿಯೋ ನೋಡಿ ಕಲಿತು, ಪುಕ್ಕಟೆ ಸಾಫ್ಟ್‌ವೇರ್ ಇಳಿಸಿಕೊಂಡು, ಹಳೇ ಲ್ಯಾಪ್‌ಟಾಪಿನಲ್ಲಿ ಆ ಪಾತ್ರೆಯದೇ ಓಡುವ ಮಾದರಿ ಕಟ್ಟಿದೆ.

ಮ್ಯಾನೇಜರ್ ಒಮ್ಮೆ ಇಣುಕಿ ನೋಡಿದರು. "ಸಕ್ಕತ್ತಾಗಿದೆ ಕಣೋ! ನಮ್ ಮೆಷಿನ್ ಥರಾನೇ ಓಡಿಸಿ ತೋರ್ಸು. ಡಿಸೈನ್ ರೂಮಲ್ಲಿ ಒಂದು ಸೀಟ್ ಖಾಲಿ ಇದೆ."

ಇಡೀ ದಿನ ಹನಿಗಳ ಬಗ್ಗೆಯೇ ಯೋಚಿಸುವ ಕೆಲಸ! ನನಗೆ ಬೇರೇನೂ ಬೇಡವಾಯಿತು.

ಆದರೆ ನಮ್ಮ ಮೆಷಿನ್ನಿನ ಅಳತೆಗಳನ್ನೇ ಕೊಟ್ಟರೂ ಪರದೆಯಲ್ಲಿ ಪುಡಿ ಒದ್ದೆಯಾಗಿ, ಗೋಡೆಗೆ ಅಂಟಿ, ಕುಸಿದು ಗಾಳಿಯ ದಾರಿ ಮುಚ್ಚುತ್ತಿತ್ತು. ನಿಜದ ಮೆಷಿನ್ನಿನಲ್ಲಿ ಹಾಗಾಗಿದ್ದೇ ಇಲ್ಲ. ಬಾಗಲಗುಂಟೆಯ ಬಾಡಿಗೆ ಕೋಣೆಯ ನನ್ನ ರೂಮ್‌ಮೇಟ್, ವಿಜಯಪುರದ ಕಡೆಯವನು, ಅದರ ಆಪರೇಟರ್. ರೊಟ್ಟಿ ಮುರಿಯುತ್ತಾ ಛೇಡಿಸುತ್ತಿದ್ದ: "ಮತ್ತ ಮುದ್ದಿ ಆತೇನಪಾ? ತಗೊಂಬಾ, ಸಾರಿನಾಗ ಅದ್ಕೊಂಡು ಉಣ್ಣೂಣು."

ಹನಿಯ ಗಾತ್ರ, ಗಾಳಿಯ ಬಿಸಿ, ಪುಡಿಯ ಅಂಟು, ಎಲ್ಲವನ್ನೂ ತಡಕಾಡಿದೆ. ಒಂದು ಮಧ್ಯಾಹ್ನ ಸ್ಪ್ರೇ ನಡೆಯುವಾಗ ಮೆಷಿನ್ನಿನ ಹಿಂದಕ್ಕೆ ಹೋದೆ. ಧಬ್, ಧಬ್. ರೂಮ್‌ಮೇಟ್ ರಬ್ಬರ್ ಸುತ್ತಿಗೆಯಿಂದ ಪಾತ್ರೆಗೆ ಹೊಡೆದು, ಅಂಟಿದ ಪುಡಿ ಉದುರಿಸುತ್ತಿದ್ದ. ದಿನವೂ ಕೇಳುತ್ತಿದ್ದ ಆ ಸದ್ದು ಮೆಷಿನ್ನಿನದೇ ಅಂದುಕೊಂಡಿದ್ದೆ! ಹೊಡೆದರೆ ಸ್ಟೀಲು ತಗ್ಗು ಬೀಳುತ್ತದೆ. ಸಿಕ್ಕಿಬಿದ್ದವನನ್ನು ಕೆಲಸದಿಂದ ತೆಗೆಯುತ್ತಾರೆ. ಆದರೂ ಎಲ್ಲ ಶಿಫ್ಟಿನವರೂ ಹೊಡೆಯುತ್ತಾರೆ, ಸಾಹೇಬರು ಒಳಗೆ ಬಂದರೆ ನಿಲ್ಲಿಸುತ್ತಾರೆ.

"ಹೇಳ್ತೀಯೇನು?" ಅಂದ. "ಹೇಳಿದ್ರ ನಿನ್ನ ಕಂಪ್ಯೂಟರ್ ಖರೇ, ನನ್ನ ನೌಕರಿ ಖಲ್ಲಾಸ್. ಅದರ ಬದ್ಲಿ ಆ ಅಂಟು ಸ್ವಲ್ಪ ಕಡಿಮಿ ಮಾಡಿ ತೋರ್ಸಿಬಿಡು. ಯಾರಿಗೆ ಗೊತ್ತಾಗತೈತಿ?"

ಲ್ಯಾಪ್‌ಟಾಪಿನಲ್ಲಿ ಅಂಟು ಕಡಿಮೆ ಮಾಡಿದೆ. ಪುಡಿ ಚೆಂದವಾಗಿ ಕುಣಿಯಿತು. ಆದರೆ ಆ ಲೆಕ್ಕ ನಂಬಿ ಇನ್ನೊಂದು ದೊಡ್ಡ ಮೆಷಿನ್ ತರಿಸಿದರೆ ಅದೂ ಕಟ್ಟಿಕೊಳ್ಳುತ್ತದೆ. ಅಂಟನ್ನು ಮೊದಲಿನಷ್ಟೇ ಮಾಡಿದೆ.

ಮ್ಯಾನೇಜರ್ ಎದುರು ಪರದೆಯಲ್ಲಿ ಪುಡಿ ಕುಸಿಯಿತು.

"ಏನೋ ಇದು? ನಮ್ ಮೆಷಿನ್ ಯಾವತ್ತಾದ್ರೂ ಹಿಂಗೆ ಕಟ್ಕೊಂಡಿದ್ಯಾ?"

"ಇಲ್ಲ ಸಾರ್."

"ಮತ್ತೆ ತಪ್ಪೆಲ್ಲಿದೆ?"

ಮ್ಯಾನೇಜರ್ ಕೋಣೆಯ ಗಾಜಿನಾಚೆ ರೂಮ್‌ಮೇಟ್ ನಿಂತಿದ್ದ.

"ಗೊತ್ತಾಗ್ತಿಲ್ಲ ಸಾರ್."

"ಹೋಗ್ಲಿ ಬಿಡು. ಆ ಸೀಟಿಗೆ ಓದ್ಕೊಂಡಿರೋರನ್ನೇ ತಗೋತೀವಿ."

ಆಮೇಲೆ ಪುಡಿ ಸುರಿದೆ, ಸ್ಪ್ರೇ ಶುರುವಾಯಿತು. ರೂಮ್‌ಮೇಟ್ ಸುತ್ತಿಗೆ ತೆಗೆದು ನನ್ನ ಕೈಗೇ ಕೊಟ್ಟ.

"ಎಲ್ಲಿ ಅಂಟತೈತಿ ಅಂತ ನಿನಗ ಗೊತ್ತೈತಲ್ಲ."

ಗೊತ್ತಿತ್ತು. ಹೊಡೆದೆ. ಪುಡಿ ಉದುರಿತು.